ಕ್ರೀಡಾ ಸಚಿವಾಲಯ ಮತ್ತು ನಿಮ್ಮ ಶಾಲೆಯ ಮೈದಾನ



ಒಲಿಂಪಿಕ್ಸ್ ನಡೆಯುವ ವರ್ಷದಲ್ಲಿ ಕೇಂದ್ರ ಯುವಜನ ವ್ಯವಹಾರಗಳು ಮತ್ತು ಕ್ರೀಡಾ ಸಚಿವಾಲಯದ ಹೆಸರು ಪತ್ರಿಕೆಗಳಲ್ಲಿ ದಿನವೂ ಕಾಣಿಸುತ್ತದೆ. ಪದಕ ಬಂದರೆ ಸನ್ಮಾನದ ಸುದ್ದಿ, ಬಾರದಿದ್ದರೆ ಟೀಕೆ. ಕ್ರೀಡಾಕೂಟ ಮುಗಿದ ಮೇಲೆ ಆ ಹೆಸರನ್ನು ನಾವು ಮರೆಯುತ್ತೇವೆ. ನಿಮ್ಮಲ್ಲಿ ಬಹುಪಾಲು ಜನ ದೇಶದ ಪರವಾಗಿ ಆಡುವವರಲ್ಲ. ಹಾಗಿರುವಾಗ ದೆಹಲಿಯಲ್ಲಿರುವ ಈ ಸಚಿವಾಲಯದಿಂದ ನಿಮಗೇನಾಗಬೇಕು ಎಂದು ನೀವು ಕೇಳಬಹುದು. ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಇಂದಿನ ಮಾತಿನ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ ನೋಡೋಣ. ಕ್ರೀಡೆಗೆಂದು ಕೇಂದ್ರದಲ್ಲಿ ಪ್ರತ್ಯೇಕ ಇಲಾಖೆ ಹುಟ್ಟಿದ್ದು 1982ರಲ್ಲಿ. ಆ ವರ್ಷ ಒಂಬತ್ತನೆಯ ಏಷ್ಯನ್ ಕ್ರೀಡಾಕೂಟ ನವದೆಹಲಿಯಲ್ಲಿ ನಡೆಯಿತು. ನಮ್ಮ ದೂರದರ್ಶನದಲ್ಲಿ ಬಣ್ಣದ ಚಿತ್ರಗಳು ಬರಲಾರಂಭಿಸಿದ್ದೂ ಅದೇ ವರ್ಷ. ಕೂಟಕ್ಕಾಗಿ ಕಟ್ಟಿದ ದೊಡ್ಡ ಕ್ರೀಡಾಂಗಣಗಳನ್ನು ನೋಡಿಕೊಳ್ಳಲು ಒಂದು ಸಂಸ್ಥೆ ಬೇಕಾಯಿತು. ಹೀಗೆ 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸ್ಥಾಪನೆಗೊಂಡಿತು. ಮುಂದೆ ಆಟಗಾರರನ್ನು ಆರಿಸಿ ತರಬೇತಿ ನೀಡುವುದೇ ಅದರ ಮುಖ್ಯ ಕೆಲಸವಾಯಿತು. 1985 ಅಂತರರಾಷ್ಟ್ರೀಯ ಯುವ ವರ್ಷ. ಆಗ ಇಲಾಖೆಯ ಹೆಸರಿಗೆ ಯುವಜನ ವ್ಯವಹಾರಗಳೂ ಸೇರಿಕೊಂಡವು. 2000ನೇ ಇಸವಿಯಲ್ಲಿ ಅದು ಸ್ವತಂತ್ರ ಸಚಿವಾಲಯವಾಯಿತು. 2008ರಲ್ಲಿ ಸಚಿವಾಲಯದೊಳಗೆ ಯುವಜನ ವ್ಯವಹಾರಗಳಿಗೆ ಒಂದು, ಕ್ರೀಡೆಗೆ ಇನ್ನೊಂದು ಎಂದು ಎರಡು ಇಲಾಖೆಗಳಾದವು.

ಇಲ್ಲಿ ನೀವು ಗಮನಿಸಬೇಕಾದ ಒಂದು ಸಂಗತಿಯಿದೆ. ನಮ್ಮ ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕ್ರೀಡೆ ರಾಜ್ಯ ಪಟ್ಟಿಯಲ್ಲಿದೆ. ಎಂದರೆ ನಿಮ್ಮ ಊರಿನ ಆಟದ ಮೈದಾನ, ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರು, ತಾಲ್ಲೂಕು ಕ್ರೀಡಾಂಗಣ, ಇವೆಲ್ಲ ಮುಖ್ಯವಾಗಿ ರಾಜ್ಯ ಸರ್ಕಾರದ ಹಾಗೂ ಸ್ಥಳೀಯ ಸಂಸ್ಥೆಗಳ ಹೊಣೆ. ರಾಷ್ಟ್ರೀಯ ತಂಡವನ್ನು ಆರಿಸುವವರು ಆಯಾ ಕ್ರೀಡೆಯ ರಾಷ್ಟ್ರೀಯ ಫೆಡರೇಷನ್‌ನವರು. ಕೇಂದ್ರ ಸಚಿವಾಲಯವು ನೀತಿಯನ್ನು ರೂಪಿಸುತ್ತದೆ, ಹಣ ಒದಗಿಸುತ್ತದೆ, ಫೆಡರೇಷನ್‌ಗಳಿಗೆ ಮಾನ್ಯತೆಯ ನಿಯಮಗಳನ್ನು ವಿಧಿಸುತ್ತದೆ, ಪ್ರಾಧಿಕಾರದ ಮೂಲಕ ತರಬೇತಿ ಕೊಡಿಸುತ್ತದೆ. ಪದಕ ಎನ್ನುವುದು ಇಷ್ಟು ಜನರ ಕೈ ದಾಟಿ ಬರುವ ಫಲ. ಈ ಸರಪಣಿಯ ಮೊದಲ ಕೊಂಡಿ ನಿಮ್ಮ ಶಾಲೆಯಲ್ಲಿದೆ.

ಆ ಮೊದಲ ಕೊಂಡಿ ಏಕೆ ಮುಖ್ಯ ಎಂಬುದಕ್ಕೆ ನಮ್ಮ ರಾಜ್ಯದ ಒಂದು ಪ್ರಸಂಗವನ್ನೇ ನೋಡಿ. 2020ರ ಫೆಬ್ರವರಿಯಲ್ಲಿ ದಕ್ಷಿಣ ಕನ್ನಡದ ಐಕಳದಲ್ಲಿ ನಡೆದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಆ ಲೆಕ್ಕವನ್ನು 100 ಮೀಟರಿಗೆ ಇಳಿಸಿ, ಇದು ವಿಶ್ವದಾಖಲೆಗಿಂತ ವೇಗ ಎಂದು ಜನ ಸಂಭ್ರಮಿಸಿದರು. ಕೋಣಗಳ ಹಿಂದೆ ಕೆಸರುಗದ್ದೆಯಲ್ಲಿ ಓಡುವುದಕ್ಕೂ ಟ್ರ್ಯಾಕಿನಲ್ಲಿ ಒಂಟಿಯಾಗಿ ಓಡುವುದಕ್ಕೂ ಇಂಥ ಹೋಲಿಕೆ ಸಲ್ಲದು. ಆದರೂ ಅಂದಿನ ಕೇಂದ್ರ ಕ್ರೀಡಾ ಸಚಿವರು ಅವರನ್ನು ಪ್ರಾಧಿಕಾರದ ಪರೀಕ್ಷೆಗೆ ಕರೆಸುವುದಾಗಿ ಪ್ರಕಟಿಸಿದರು. ಕಂಬಳದ ಓಟವೇ ಬೇರೆ, ಟ್ರ್ಯಾಕಿನ ಓಟವೇ ಬೇರೆ ಎಂದು ಗೌಡರು ಆ ಪರೀಕ್ಷೆಗೆ ಒಪ್ಪಲಿಲ್ಲ. ಅವರ ಮಾತು ಸರಿಯಾಗಿಯೇ ಇತ್ತು. ಆಗ ಅವರಿಗೆ 28 ವರ್ಷ. ಓಟದ ಪ್ರತಿಭೆಯನ್ನು ಗುರುತಿಸಿ ತಿದ್ದಬೇಕಾದ ವಯಸ್ಸು ಹನ್ನೆರಡು, ಹದಿಮೂರು. ಆ ವಯಸ್ಸಿನಲ್ಲಿ ಮಗುವನ್ನು ನೋಡುವವರು ಸಚಿವರಲ್ಲ, ಶಾಲೆಯ ಶಿಕ್ಷಕರು.

ಆದ್ದರಿಂದ ಮೇಲೇರುವ ಮೆಟ್ಟಿಲುಗಳನ್ನು ನೀವು ತಿಳಿದಿರಬೇಕು. ಶಾಲಾ ಕ್ರೀಡಾಕೂಟಗಳು ಕ್ಲಸ್ಟರ್ ಮಟ್ಟದಿಂದ ಆರಂಭವಾಗಿ ತಾಲ್ಲೂಕು, ಜಿಲ್ಲೆ, ವಿಭಾಗಗಳನ್ನು ದಾಟಿ ರಾಜ್ಯ ಮಟ್ಟಕ್ಕೆ ಹೋಗುತ್ತವೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ದಸರಾ ಕ್ರೀಡಾಕೂಟವನ್ನು ನಡೆಸುತ್ತದೆ, ಕ್ರೀಡಾ ವಸತಿ ನಿಲಯಗಳನ್ನೂ ಕೊಡಗಿನ ಕೂಡಿಗೆಯಲ್ಲಿರುವಂಥ ಕ್ರೀಡಾ ಶಾಲೆಗಳನ್ನೂ ನಡೆಸುತ್ತದೆ. ಬೆಂಗಳೂರಿನಲ್ಲಿ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಇನ್ನು ಸಚಿವಾಲಯದ ಖೇಲೋ ಇಂಡಿಯಾ ಯೋಜನೆಯಲ್ಲಿ ಮೊದಲ ಶಾಲಾ ಕ್ರೀಡಾಕೂಟ 2018ರಲ್ಲಿ ದೆಹಲಿಯಲ್ಲಿ ನಡೆಯಿತು. ಆ ಯೋಜನೆಗೆ ಆಯ್ಕೆಯಾದ ಎಳೆಯ ಆಟಗಾರರಿಗೆ ತರಬೇತಿಯ ವೆಚ್ಚದ ಜೊತೆಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚಿನ ಭತ್ಯೆ ಗೊತ್ತುಪಡಿಸಲಾಯಿತು. ಒಲಿಂಪಿಕ್ ಪದಕದ ಭರವಸೆಯಿರುವವರಿಗಾಗಿ 2014ರಲ್ಲೇ ಬೇರೊಂದು ಯೋಜನೆ ಆರಂಭವಾಗಿತ್ತು.

ಬೆಂಬಲ ದೊರೆತರೆ ಏನಾಗಬಹುದು? 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ದೊರೆತದ್ದು ಒಂದೇ ಒಂದು ಪದಕ. ಎತ್ತರ ಜಿಗಿತದಲ್ಲಿ ಆ ಬೆಳ್ಳಿ ಪದಕವನ್ನು ಗೆದ್ದವರು ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ. 2016ರಲ್ಲಿ ಪದಕಗಳು ನಾಲ್ಕಾದವು. ಟೋಕಿಯೋದಲ್ಲಿ 19, 2024ರ ಪ್ಯಾರಿಸ್‌ನಲ್ಲಿ 29. ಹನ್ನೆರಡು ವರ್ಷಗಳಲ್ಲಿ ನಮ್ಮ ಅಂಗವಿಕಲ ಯುವಜನರ ಸಾಮರ್ಥ್ಯ ಒಮ್ಮೆಲೇ ಹೆಚ್ಚಾಗಿರಲಾರದು. ಅದು ಮೊದಲೂ ಇತ್ತು. ತರಬೇತಿ, ಸಲಕರಣೆ, ಹಣ ಮತ್ತು ಸ್ಪರ್ಧೆಯ ಅವಕಾಶಗಳು ಅವರನ್ನು ತಲುಪಿದ್ದು ತಡವಾಗಿ. ನಿಮ್ಮ ತರಗತಿಯಲ್ಲಿ ಊರುಗೋಲು ಹಿಡಿದು ಬರುವ ಗೆಳೆಯನಿದ್ದರೆ, ಆಟದ ಅವಧಿಯಲ್ಲಿ ಅವನನ್ನು ಕೋಣೆಯಲ್ಲೇ ಕೂರಿಸಿ ಹೋಗುವ ಮುನ್ನ ಈ ಅಂಕಿಗಳನ್ನು ನೆನೆಯಿರಿ.

ಇನ್ನು ಆಟದಲ್ಲಿ ಆಸಕ್ತಿಯಿಲ್ಲದವರ ಮಾತು. ಸಚಿವಾಲಯದ ಹೆಸರಿನಲ್ಲಿ ಮೊದಲು ಬರುವುದು ಯುವಜನ. 1969ರ ಸೆಪ್ಟೆಂಬರ್ 24ರಂದು, ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷದಲ್ಲಿ, 37 ವಿಶ್ವವಿದ್ಯಾನಿಲಯಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಕಾಲೇಜಿನಲ್ಲಿ ನೀವು ಎನ್.ಎಸ್.ಎಸ್. ಎಂದು ಕರೆಯುವುದು ಇದನ್ನೇ. ಎನ್.ಸಿ.ಸಿ. ರಕ್ಷಣಾ ಸಚಿವಾಲಯಕ್ಕೆ ಸೇರಿದ್ದು, ಎನ್.ಎಸ್.ಎಸ್. ಈ ಸಚಿವಾಲಯಕ್ಕೆ ಸೇರಿದ್ದು. ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು, ಏಳು ದಿನಗಳ ವಿಶೇಷ ಶಿಬಿರದಲ್ಲಿಯೂ ಭಾಗವಹಿಸಬೇಕು. ಕೇವಲ ಪ್ರಮಾಣಪತ್ರಕ್ಕಾಗಿ ಹೋದವನಿಗೆ ಅದೊಂದು ಕಾಗದ. ಆದರೆ ಒಂದು ಹಳ್ಳಿಯಲ್ಲಿ ಏಳು ದಿನ ಉಳಿದು, ಚರಂಡಿ ತೆಗೆದು, ಹತ್ತಾರು ಮನೆಗಳ ಕಷ್ಟಸುಖ ಕೇಳಿ ಬಂದವನಿಗೆ ತನ್ನ ನಾಡು ಬೇರೆಯಾಗಿಯೇ ಕಾಣುತ್ತದೆ. ಕಾಲೇಜಿನ ಹೊರಗಿರುವ ಗ್ರಾಮೀಣ ಯುವಜನರಿಗಾಗಿ 1972ರಲ್ಲಿ ನೆಹರು ಯುವ ಕೇಂದ್ರಗಳು ಆರಂಭವಾದವು. 15ರಿಂದ 29 ವರ್ಷದವರಿಗಾಗಿ 2023ರ ಅಕ್ಟೋಬರ್ 31ರಂದು ಮೇರಾ ಯುವ ಭಾರತ್ ಎಂಬ ಸಂಸ್ಥೆಗೆ ಚಾಲನೆ ದೊರೆಯಿತು.

ಕೊನೆಯದಾಗಿ, ಆಡುವವರಿಗೆ ಎರಡು ಎಚ್ಚರಿಕೆಯ ಮಾತು. ಮೊದಲನೆಯದು ಉದ್ದೀಪನ ಮದ್ದಿನ ವಿಷಯ. ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಘಟಕ 2005ರಲ್ಲಿ ಸ್ಥಾಪನೆಗೊಂಡಿತು, 2022ರಲ್ಲಿ ಇದಕ್ಕೆಂದೇ ಕಾಯಿದೆಯೂ ಬಂದಿದೆ. ಸ್ನೇಹಿತರು ಕೊಟ್ಟ ಪುಡಿ, ವೈದ್ಯರನ್ನು ಕೇಳದೆ ನುಂಗಿದ ಮಾತ್ರೆ, ಯಾವುದರಿಂದಲಾದರೂ ನಿಷೇಧಿತ ವಸ್ತು ದೇಹ ಸೇರಬಹುದು. ದೇಹದೊಳಗೆ ಏನಿದೆ ಎಂಬುದಕ್ಕೆ ಆಟಗಾರನೇ ಹೊಣೆ. ಗೊತ್ತಿರಲಿಲ್ಲ ಎಂದ ಮಾತ್ರಕ್ಕೆ ಬಿಡುಗಡೆಯಿಲ್ಲ. ಎರಡನೆಯದು ನಿಮ್ಮ ಸುರಕ್ಷತೆ ಮತ್ತು ಗೌರವ. 2023ರಲ್ಲಿ ದೇಶದ ಹೆಸರಾಂತ ಮಹಿಳಾ ಕುಸ್ತಿಪಟುಗಳು ದೆಹಲಿಯ ಜಂತರ್ ಮಂತರ್‌ನಲ್ಲಿ ಧರಣಿ ಕುಳಿತದ್ದನ್ನು ನೀವು ಕೇಳಿರಬಹುದು. ಒಲಿಂಪಿಕ್ ಪದಕ ಗೆದ್ದವರೇ ತಮ್ಮ ದೂರನ್ನು ಕೇಳಿ ಎಂದು ಬೀದಿಯಲ್ಲಿ ಕೂರಬೇಕಾದರೆ, ತಾಲ್ಲೂಕು ಮಟ್ಟದ ಹದಿನಾಲ್ಕರ ಹುಡುಗಿ ಎಲ್ಲಿಗೆ ಹೋಗಬೇಕು? 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯಿದೆಯಲ್ಲಿ ಕ್ರೀಡಾ ಮಂಡಳಿ, ಕ್ರೀಡಾ ನ್ಯಾಯಮಂಡಳಿ ಹಾಗೂ ಆಟಗಾರರ ಸುರಕ್ಷತೆಯ ನೀತಿಗಳಿಗೆ ಅವಕಾಶ ಕಲ್ಪಿಸಲಾಗಿದೆ. ಆದರೆ ಕಾಯಿದೆ ನಿಮ್ಮ ಮೈದಾನದವರೆಗೆ ತಾನಾಗಿ ನಡೆದು ಬರುವುದಿಲ್ಲ. ತರಬೇತಿಯ ಹೆಸರಿನಲ್ಲಿ ಯಾರಾದರೂ ಅನುಚಿತವಾಗಿ ನಡೆದುಕೊಂಡರೆ ಮನೆಯವರಿಗೆ, ನೀವು ನಂಬುವ ಶಿಕ್ಷಕರಿಗೆ ಕೂಡಲೇ ತಿಳಿಸಿ. ಮಕ್ಕಳ ಸಹಾಯವಾಣಿ 1098 ಇದೆ. ಸುಮ್ಮನಿದ್ದು ಆಟವನ್ನೇ ಬಿಟ್ಟುಬಿಡಬೇಡಿ.

ಮಿತ್ರರೇ, ಈ ವಾರ ನಿಮ್ಮ ಶಾಲೆಯಲ್ಲಿ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿ. ನಮ್ಮ ಕ್ಲಸ್ಟರ್ ಕ್ರೀಡಾಕೂಟ ಯಾವಾಗ? ವೇಳಾಪಟ್ಟಿಯಲ್ಲಿರುವ ಆಟದ ಅವಧಿಯಲ್ಲಿ ನಿಜವಾಗಿ ಆಟ ನಡೆಯುತ್ತಿದೆಯೇ, ಅಥವಾ ಅದು ಗಣಿತದ ಪಾಲಾಗಿದೆಯೇ? ಹೆಣ್ಣುಮಕ್ಕಳಿಗೂ ಅಂಗವಿಕಲರಿಗೂ ಆ ಅವಧಿಯಲ್ಲಿ ಜಾಗವಿದೆಯೇ? ಇದಕ್ಕೆ ಉತ್ತರ ಕೊಡಬೇಕಾದವರು ದೆಹಲಿಯಲ್ಲಿಲ್ಲ, ನಿಮ್ಮ ಊರಿನಲ್ಲೇ ಇದ್ದಾರೆ.