ಹಂದಿ ಸತ್ತ ಮೇಲೆ ಬರುವ ದುಡ್ಡು

ಇವತ್ತು ಹಂದಿ ಸಾಕಣೆ ಬಗ್ಗೆ ಮಾತಾಡೋಣ. ನಗಬೇಡಿ! 2019ರ ಜಾನುವಾರು ಗಣತಿ ಪ್ರಕಾರ ದೇಶದಲ್ಲಿ ಸುಮಾರು 90 ಲಕ್ಷ ಹಂದಿಗಳಿದ್ದವು. ಅದರಲ್ಲಿ 21 ಲಕ್ಷ ಅಸ್ಸಾಂ ಒಂದರಲ್ಲೇ. ಅಲ್ಲಿ ಎಷ್ಟೋ ಮನೆಗಳಿಗೆ ಹಿತ್ತಲಿನ ಎರಡು ಹಂದಿಗಳೇ ಉಳಿತಾಯ ಖಾತೆ. ಮಕ್ಕಳ ಫೀಸು ಕಟ್ಟಬೇಕಾದಾಗ ಒಂದನ್ನ ಮಾರ್ತಾರೆ.

2020ರಲ್ಲಿ ಅಲ್ಲಿಗೆ ಆಫ್ರಿಕನ್ ಹಂದಿ ಜ್ವರ ಬಂತು. ಮನುಷ್ಯರಿಗೆ ಅಂಟಲ್ಲ, ಆದ್ರೆ ಹಂದಿ ಉಳಿಯೋದು ಅಪರೂಪ. ಔಷಧಿ ಇಲ್ಲ. ರೋಗ ಕಂಡ ಜಾಗದ ಸುತ್ತ 1 ಕಿಲೋಮೀಟರ್ ದೂರದೊಳಗಿನ ಹಂದಿಗಳನ್ನೆಲ್ಲ ಕೊಲ್ಲಬೇಕು. 2022ರಲ್ಲಿ ನಮ್ಮ ಪಕ್ಕದ ವಯನಾಡಿಗೂ ಈ ರೋಗ ಬಂತು.

ಸರ್ಕಾರ ಏನು ಕೊಡುತ್ತೆ? ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು ಹಂದಿಗಳ ಫಾರ್ಮಿಗೆ ಅರ್ಧ ಖರ್ಚು ಸಬ್ಸಿಡಿ, 30 ಲಕ್ಷದವರೆಗೆ. ಎರಡು ಹಂದಿ ಸಾಕೋರಿಗೆ ಇದು ಎಟುಕಲ್ಲ. ಇನ್ನು ರೋಗದ ಪರಿಹಾರ ಅಂದ್ರೆ, ಅಧಿಕಾರಿಗಳು ಕೊಂದ ಹಂದಿಗೆ ಮಾತ್ರ.

ಈಗ ಆ ರೈತನ ಜಾಗದಲ್ಲಿ ನಿಂತು ನೋಡಿ. ಹಂದಿಗೆ ಜ್ವರ. ಹೇಳಿದ್ರೆ ಎಲ್ಲವೂ ಹೋಗುತ್ತೆ, ದುಡ್ಡು ಯಾವಾಗ ಬರುತ್ತೋ ಗೊತ್ತಿಲ್ಲ. ಸುಮ್ಮನೆ ಮಾರಿದ್ರೆ ಇವತ್ತೇ ಕೈಗೆ ಕಾಸು. ಆ ಮಾಂಸದ ಜೊತೆ ವೈರಸ್ಸೂ ಮುಂದಿನ ಊರಿಗೆ ಹೋಗುತ್ತೆ.

ಅದಕ್ಕೇ, ಬೇಗ ಸಿಗೋ ಪರಿಹಾರವನ್ನ ದಾನ ಅಂದ್ಕೋಬೇಡಿ. ಲಸಿಕೆ ಇಲ್ಲದ ಕಡೆ ರೋಗಕ್ಕೆ ಹಾಕೋ ಮೊದಲ ಬೇಲಿ ಅದೇ.