ಹಳೆಯ ಕುರ್ಚಿಗಳ ಹೊಸ ಸಂತೆ

(ಹೈದರಾಬಾದಿನಲ್ಲಿ ನಮ್ಮ ಸಂಘದ ಉಪನ್ಯಾಸ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಪಠ್ಯ)



ಸಂಘದ ವೇದಿಕೆಯಲ್ಲಿ ಮೇಜು ಕುರ್ಚಿಗಳನ್ನು ಕುರಿತು ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಆದರೆ ನಾಡಿನ ಚರಿತ್ರೆ ಶಾಸನ, ಗ್ರಂಥಗಳಲ್ಲಿ ಮಾತ್ರ ಉಳಿಯುವುದಿಲ್ಲ; ಜನರು ಕುಳಿತು ಬರೆದ, ನ್ಯಾಯ ಹೇಳಿದ ಪೀಠಗಳಲ್ಲಿಯೂ ಉಳಿಯುತ್ತದೆ. ಈ ನಗರದ ಜುಮ್ಮೇರಾತ್ ಬಜಾರಿನಂಥ ಸಂತೆಗಳಲ್ಲಿ ಕೈ ಬದಲಾಯಿಸುತ್ತಿದ್ದ ಹಳೆಯ ಸಾಮಾನುಗಳು ಈಗ ಓಎಲ್‌ಎಕ್ಸ್‌ನಂಥ ಅಂತರ್ಜಾಲ ತಾಣಗಳ ಕಿರುಜಾಹೀರಾತುಗಳಲ್ಲಿ ಬಿಕರಿಯಾಗುತ್ತಿವೆ. ಇದರಿಂದ ಮಧ್ಯಮವರ್ಗದವರಿಗೂ ಗಟ್ಟಿ ತೇಗದ ಮೇಜು ಎಟುಕುವಂತಾಗಿದೆ. ಅದು ಒಳ್ಳೆಯದೇ. ಆದರೆ ವಸ್ತು ಕೈ ಬದಲಾಯಿಸುವಾಗ ಅದರ ಪೂರ್ವವೃತ್ತಾಂತ ಹಿಂದೆಯೇ ಉಳಿದುಬಿಡುತ್ತಿದೆ ಎಂಬುದೇ ನನ್ನ ಇಂದಿನ ಕಳವಳ.

ಈ ಸಾಮಾನುಗಳಲ್ಲಿ ಅನೇಕವು ಸರ್ಕಾರಿ ಕಚೇರಿಗಳಿಂದ ಹೊರಬಿದ್ದವು. ಕಚೇರಿಯ ಭಾಷೆಯಲ್ಲಿ ಇದಕ್ಕೆ ‘ಕಂಡಮ್ ಮಾಡುವುದು’ ಎನ್ನುತ್ತೇವೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ಹೆಚ್ಚುವರಿ ಅಥವಾ ನಿರುಪಯುಕ್ತವೆಂದು ಘೋಷಿಸಿದ ವಸ್ತುವಿಗೆ ಪುಸ್ತಕಬೆಲೆ, ಮಾರ್ಗದರ್ಶಿ ಬೆಲೆ, ಮೀಸಲು ಬೆಲೆಗಳನ್ನು ನಿಗದಿ ಮಾಡಬೇಕು. ಆದರೆ ಅದನ್ನು ಯಾರು ವಿನ್ಯಾಸಗೊಳಿಸಿದರು, ಯಾವ ಕಾಲದ್ದು ಎಂದು ವಿಚಾರಿಸುವ ಪರಿಪಾಠ ನಮ್ಮಲ್ಲಿ ಬೆಳೆದಿಲ್ಲ. ಲೆಕ್ಕದ ಪುಸ್ತಕದಲ್ಲಿ ಬೆಲೆ ಸವೆದುಹೋದರೆ ಮೌಲ್ಯವೂ ಸವೆದುಹೋಯಿತೆಂದು ಭಾವಿಸುತ್ತೇವೆ.

ಇದರ ಫಲವನ್ನು ಚಂಡೀಗಢದಲ್ಲಿ ಕಂಡೆವು. ಲೆ ಕಾರ್ಬೂಸಿಯೇ ಅವರ ಸೋದರಸಂಬಂಧಿ ಪಿಯರ್ ಜೆನರೆ 1950ರ ದಶಕದಲ್ಲಿ ಅಲ್ಲಿನ ಕಚೇರಿಗಳಿಗಾಗಿ ತೇಗ ಮತ್ತು ಬೆತ್ತದ ಸರಳ ಕುರ್ಚಿಗಳನ್ನು ರೂಪಿಸಿದರು. ಕಾಲಾಂತರದಲ್ಲಿ ಅವು ಮಾಳಿಗೆಯ ಮೇಲೆ ರಾಶಿಬಿದ್ದು, ಗುಜರಿಯ ಬೆಲೆಗೆ ಹರಾಜಾದವು. ಕೊಂಡ ವಿದೇಶಿ ವರ್ತಕರು ಅವನ್ನು ದುರಸ್ತಿ ಮಾಡಿಸಿ, ಪಾಶ್ಚಾತ್ಯ ನಗರಗಳ ಹರಾಜುಕಟ್ಟೆಗಳಲ್ಲಿ ಲಕ್ಷಾಂತರ ರೂಪಾಯಿಗಳಿಗೆ ಮಾರಿದರು. ಕುರ್ಚಿಯ ಮೇಲೆ ನಮ್ಮ ಗುಮಾಸ್ತರು ಬಣ್ಣದಲ್ಲಿ ಬರೆದಿದ್ದ ಇಲಾಖೆಯ ಅಕ್ಷರ, ಸಂಖ್ಯೆಗಳೇ ಅಲ್ಲಿ ಅಸಲಿತನದ ಸಾಕ್ಷ್ಯವಾದವು! ಆ ಪೀಠೋಪಕರಣಗಳ ಮಾರಾಟವನ್ನು ತಡೆಯುವಂತೆ ಕೇಂದ್ರ ಗೃಹ ಸಚಿವಾಲಯ ಆದೇಶಿಸಿದ್ದು 2011ರಲ್ಲಿ. 1972ರ ಪ್ರಾಚ್ಯವಸ್ತು ಕಾಯಿದೆ ಇಂಥ ವಸ್ತುಗಳನ್ನು ಕಾಪಾಡುವುದು ಅವಕ್ಕೆ ನೂರು ವರ್ಷ ತುಂಬಿದ ಮೇಲೆ; ಐವತ್ತು ಅರವತ್ತು ವರ್ಷದ ಕುರ್ಚಿ ಅದಕ್ಕೆ ಹೊರಗು.

ಹೈದರಾಬಾದಿನಲ್ಲಿ ಸಮಸ್ಯೆಯ ಇನ್ನೊಂದು ಮುಖವಿದೆ. ಇಲ್ಲಿನ ಜಾಹೀರಾತುಗಳಲ್ಲಿ ಕಪ್ಪುಬಣ್ಣದ ಕುರ್ಚಿಯೆಲ್ಲವೂ ‘ನಿಜಾಮರ ಕಾಲದ್ದು’. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿರುವ ದಂತದ ಕುರ್ಚಿಗಳನ್ನು ನೆನೆಯಿರಿ. ಫ್ರಾನ್ಸಿನ ಹದಿನಾರನೆಯ ಲೂಯಿ ನಮ್ಮ ಮೈಸೂರಿನ ಟಿಪ್ಪು ಸುಲ್ತಾನನಿಗೆ ಅವನ್ನು ಕಾಣಿಕೆಯಾಗಿ ಕಳುಹಿಸಿದನೆಂದು ಹೇಳಲಾಗುತ್ತದೆ. ಆ ಕುರ್ಚಿಗಳ ಜೊತೆಗೆ ಅವುಗಳ ಕಥೆಯೂ ಬಂದಿದೆ. ಆ ಕಥೆಯನ್ನು ವಿದ್ವಾಂಸರು ಪರೀಕ್ಷಿಸಬಹುದು. ಜಾಹೀರಾತಿನ ಕುರ್ಚಿಗೆ ಪರೀಕ್ಷಿಸಲು ಬರುವಂಥ ಕಥೆಯಿಲ್ಲ, ಬರಿಯ ವಿಶೇಷಣವಿದೆ.

ಆದ್ದರಿಂದ ಕೊಳ್ಳುವವರು ಚಿತ್ರವನ್ನು ನಂಬದೆ, ಹಗಲು ಬೆಳಕಿನಲ್ಲಿ ವಸ್ತುವನ್ನು ತಿರುವಿ ನೋಡಬೇಕು. ಮೇಜಿನ ಸೆಳೆಖಾನೆಯ ಮೂಲೆಗಳು ಹೆಣೆದ ಬೆರಳುಗಳಂತೆ ಒಂದರೊಳಗೊಂದು ಕೂಡಿದ್ದರೆ ಅದು ನುರಿತ ಬಡಗಿಯ ಕೆಲಸ. ಸಣ್ಣ ರಂಧ್ರಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಹುಳು ಇನ್ನೂ ಒಳಗಿರಬಹುದು. ಅಂಚನ್ನು ನೋಡಿದರೆ ಅದು ಗಟ್ಟಿ ತೇಗವೋ, ಅಗ್ಗದ ಹಲಗೆಗೆ ಅಂಟಿಸಿದ ತೆಳುಪದರವೋ ತಿಳಿದೀತು. ಕಚೇರಿಯ ಸಾಮಾನೆಂದು ಹೇಳಿದರೆ ಹರಾಜಿನ ರಸೀದಿ ಕೇಳಿರಿ. ಇಲ್ಲವಾದರೆ ಅದು ಕಳವಿನ ಮಾಲಾಗಿರಲೂಬಹುದು.

ವಂಚನೆಯ ಬಗೆಗೂ ಎಚ್ಚರವಿರಲಿ. ‘ನಾನು ಸೇನಾಧಿಕಾರಿ, ವರ್ಗವಾಗಿದೆ, ಅವಸರದಲ್ಲಿ ಮಾರುತ್ತಿದ್ದೇನೆ’ ಎಂದು ನಂಬಿಸಿ ಮುಂಗಡ ಪಡೆದು ಮಾಯವಾಗುವವರಿದ್ದಾರೆ. ಮಾರುವವರಿಗೂ ಮೋಸವುಂಟು: ಹಣ ಕಳುಹಿಸುತ್ತೇನೆಂದು ಕ್ಯೂಆರ್ ಸಂಕೇತವನ್ನು ಸ್ಕ್ಯಾನ್ ಮಾಡಿಸಿ, ಖಾತೆಯಿಂದಲೇ ಹಣ ಎಳೆಯುತ್ತಾರೆ. ಯುಪಿಐನಲ್ಲಿ ಹಣ ಪಡೆಯುವುದಕ್ಕೆ ಪಿನ್ ಒತ್ತಬೇಕಾಗಿಲ್ಲ. ಮೋಸಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕೊನೆಯದಾಗಿ ಒಂದು ವಿನಂತಿ. 1956ರ ನವೆಂಬರ್ 1ರಂದು ಬೀದರ್, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ, ರಾಜಧಾನಿಯಲ್ಲಿಯೇ ನೆಲೆನಿಂತ ಕನ್ನಡ ಕುಟುಂಬಗಳುಂಟು. ಅವರ ಹಳೆಯ ಮನೆಗಳು ಈಗ ಬಹುಮಹಡಿ ಕಟ್ಟಡಗಳಿಗೆ ಎಡೆಮಾಡಿಕೊಡುತ್ತಿವೆ. ಅಜ್ಜನ ಬರವಣಿಗೆಯ ಮೇಜು ಹೊಸ ಮನೆಯಲ್ಲಿ ಹಿಡಿಯದಿದ್ದರೆ ಮಾರಿರಿ, ತಪ್ಪಿಲ್ಲ. ಆದರೆ ಮಾರುವ ಮುನ್ನ ಅದು ಯಾರದು, ಎಲ್ಲಿ ಮಾಡಿಸಿದ್ದು, ಯಾವಾಗಿನದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಳ್ಳುವವರ ಕೈಗೆ ಕೊಡಿರಿ. ಒಂದು ಪ್ರತಿಯನ್ನು, ಜೊತೆಗೊಂದು ಛಾಯಾಚಿತ್ರವನ್ನು ಸಂಘಕ್ಕೆ ತಲಪಿಸಿರಿ. ಕೊಂಡವರು ಹಳೆಯ ಗುರುತುಗಳನ್ನು ಉಜ್ಜಿ ತೆಗೆಯದಿರಲಿ. ಇಷ್ಟನ್ನು ಮಾಡಲು ಸರ್ಕಾರದ ಆದೇಶಕ್ಕಾಗಿ ನಾವು ಕಾಯಬೇಕಾಗಿಲ್ಲ.