ಗುಳಿಗೆಯೊಡನೆ ಬೆಳೆದವರು



ಹುಟ್ಟಿನಿಂದಲೇ ಎಚ್.ಐ.ವಿ. ಸೋಂಕಿರುವ ಗೆಳೆಯನೋ ಗೆಳತಿಯೋ ನಿಮ್ಮ ತರಗತಿಯಲ್ಲೂ ಇರಬಹುದು. ನೋಡಿದರೆ ಗೊತ್ತಾಗುವುದಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಇಲ್ಲ.

ಈ ವೈರಾಣು ತಾಯಿಯಿಂದ ಮಗುವಿಗೆ ಗರ್ಭದಲ್ಲಿ, ಹೆರಿಗೆಯಲ್ಲಿ ಅಥವಾ ಎದೆಹಾಲಿನ ಮೂಲಕ ದಾಟಬಹುದು. ಔಷಧವಿಲ್ಲದಿದ್ದರೆ ನೂರರಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ತಾಯಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆತರೆ 5ಕ್ಕಿಂತ ಕಡಿಮೆ. ಸೋಂಕು ತಗಲಿದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿ ಚಿಕಿತ್ಸೆಯಿಲ್ಲದೆ ಎರಡು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದರು. ನಮ್ಮ ಸರ್ಕಾರ ಎ.ಆರ್.ಟಿ. ಎಂಬ ವೈರಾಣು ನಿಗ್ರಹ ಚಿಕಿತ್ಸೆಯನ್ನು ಉಚಿತವಾಗಿ ಕೊಡತೊಡಗಿದ್ದು 2004ರ ಏಪ್ರಿಲ್‌ನಲ್ಲಿ. ಮಕ್ಕಳಿಗೆಂದೇ ಕಾರ್ಯಕ್ರಮ ಬಂದದ್ದು 2006ರಲ್ಲಿ. ಆಗ ಗುಳಿಗೆ ನುಂಗಲು ಕಲಿತ ಮಕ್ಕಳು ಇಂದು ಇಪ್ಪತ್ತು ದಾಟಿದ್ದಾರೆ.

ಇಷ್ಟು ವರ್ಷ ಗುಳಿಗೆ ಏಕೆ? ಎಚ್.ಐ.ವಿ. ತನ್ನ ಆರ್.ಎನ್.ಎ.ಯನ್ನು ಡಿ.ಎನ್.ಎ. ಆಗಿ ಬದಲಿಸಿ ನಮ್ಮ ಜೀವಕೋಶದ ವರ್ಣತಂತುವಿನೊಳಗೇ ಸೇರಿಸಿಬಿಡುತ್ತದೆ. ಔಷಧ ಹೊಸ ವೈರಾಣು ಹುಟ್ಟುವುದನ್ನು ತಡೆಯುತ್ತದೆ, ಒಳಗೆ ಸೇರಿದ್ದನ್ನು ಅಳಿಸಲಾರದು. ನಿಲ್ಲಿಸಿದರೆ ಅದು ಮತ್ತೆ ಹೆಚ್ಚುತ್ತದೆ. ಆಗಾಗ ತಪ್ಪಿಸಿದರಂತೂ ಅರೆಬರೆ ಔಷಧಕ್ಕೆ ಬಗ್ಗದ ವೈರಾಣುಗಳೇ ಉಳಿದು ಬೆಳೆಯುತ್ತವೆ. ಜೀವಶಾಸ್ತ್ರದಲ್ಲಿ ನೀವು ಓದುವ ನೈಸರ್ಗಿಕ ಆಯ್ಕೆ ಒಬ್ಬರ ರಕ್ತದಲ್ಲೇ ನಡೆಯುತ್ತದೆ!

ಗುಳಿಗೆ ತಪ್ಪುವುದು ಹೆಚ್ಚಾಗಿ ನಿಮ್ಮ ವಯಸ್ಸಿನಲ್ಲೇ. ಮರೆವೊಂದೇ ಕಾರಣವಲ್ಲ. ಚಿತ್ತಾಪುರ, ಸೇಡಂ, ಶಹಾಬಾದ್, ವಾಡಿ ರೈಲಿರುವ ಊರುಗಳು; ಚಿಂಚೋಳಿಗೆ ಬಸ್ಸೇ ಗತಿ. ಕಲಬುರಗಿಯ ಎ.ಆರ್.ಟಿ. ಕೇಂದ್ರಕ್ಕೆ ಹೊರಟ ಹುಡುಗನನ್ನು ನಿಲ್ದಾಣದಲ್ಲಿ ಪರಿಚಿತರು ಕೇಳಿಯೇ ಕೇಳುತ್ತಾರೆ: “ಎಲ್ಲಿಗಿ ಹೊಂಟಿ? ಯಾಕ?” ಅಕ್ಕರೆಯ ಮಾತೇ. ಆದರೆ ಆತ ಪ್ರತಿ ಸಲವೂ ಒಂದು ನೆಪ ಹುಡುಕಬೇಕು. ಹಾಸ್ಟೆಲಿನಲ್ಲಿ ಡಬ್ಬಿ ಎಲ್ಲಿಡುವುದು? ತಂದೆತಾಯಿ ಇಲ್ಲದ ಮೊಮ್ಮಗಳಿಗೆ ಅಜ್ಜಿ “ಶಕ್ತಿ ಗುಳಿಗಿ” ಎಂದು ಹೇಳಿ ನುಂಗಿಸಿರುತ್ತಾಳೆ. ಹದಿನಾರಕ್ಕೆ ಬೇರೆಯವರ ಬಾಯಿಂದ ನಿಜ ತಿಳಿದರೆ ಆಕೆ ಗುಳಿಗೆಯನ್ನೂ ಅಜ್ಜಿಯನ್ನೂ ಒಟ್ಟಿಗೆ ದೂರ ತಳ್ಳಬಹುದು. ಶಾಲಾ ವಯಸ್ಸಿನಲ್ಲೇ ಹಂತಹಂತವಾಗಿ ತಿಳಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ. ಅಜ್ಜಿಗೆ ಇದನ್ನು ಕಲಿಸಿಕೊಡುವವರು ಬೇಕಲ್ಲ!

ಮುಂದೆ ಮದುವೆಯ ಪ್ರಶ್ನೆ. ಭಾರತವೂ ಸೇರಿ 9 ದೇಶಗಳ 1763 ಜೋಡಿಗಳಲ್ಲಿ ನಡೆದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಟ್ಟಿದೆ. ಔಷಧದಿಂದ ವೈರಾಣು ಸ್ಥಿರವಾಗಿ ಹತೋಟಿಯಲ್ಲಿದ್ದವರಿಂದ ಸಂಗಾತಿಗೆ ಸೋಂಕು ದಾಟಿದ ಒಂದು ಪ್ರಕರಣವೂ ಅದರಲ್ಲಿ ಕಂಡುಬರಲಿಲ್ಲ. ಚಿಕಿತ್ಸೆಯಲ್ಲಿರುವ ತಾಯಿಗೆ ಸೋಂಕಿಲ್ಲದ ಮಗು ಹುಟ್ಟಬಹುದು. ಇದು ವೈದ್ಯರಿಗೆ ಗೊತ್ತು, ಹೆಣ್ಣು ನೋಡಲು ಬರುವ ಬೀಗರಿಗೆ ಗೊತ್ತಿಲ್ಲ.

2017ರ ಎಚ್.ಐ.ವಿ. ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ಸೋಂಕಿನ ಕಾರಣಕ್ಕೆ ಶಾಲೆ, ಉದ್ಯೋಗ, ಬಾಡಿಗೆ ಮನೆಗಳಲ್ಲಿ ತಾರತಮ್ಯ ಮಾಡುವುದನ್ನು ಅದು ನಿಷೇಧಿಸುತ್ತದೆ. ನ್ಯಾಯಾಲಯದ ಆದೇಶವಿಲ್ಲದೆ ಯಾರನ್ನೂ ತಮ್ಮ ಸ್ಥಿತಿ ಹೇಳುವಂತೆ ಬಲವಂತ ಮಾಡುವಂತಿಲ್ಲ. ಅದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಮಾತೊಂದಿದೆ. ಇಂಥ ಕುಟುಂಬದಲ್ಲಿ 12 ತುಂಬಿದ, ಮನೆ ನಿಭಾಯಿಸುವ ತಿಳಿವಳಿಕೆಯುಳ್ಳ ಅಕ್ಕನೋ ಅಣ್ಣನೋ ತಮ್ಮ ತಂಗಿಯರಿಗೆ ಪಾಲಕರಾಗಿ ಶಾಲೆಗೆ ಸೇರಿಸಬಹುದು, ಬ್ಯಾಂಕ್ ಖಾತೆ ನೋಡಿಕೊಳ್ಳಬಹುದು. ಹನ್ನೆರಡು ಎಂದರೆ ಏಳನೆಯ ತರಗತಿ! ಆ ವಯಸ್ಸಿನಲ್ಲಿ ಮನೆ ನಡೆಸುವ ಮಕ್ಕಳಿದ್ದಾರೆಂದೇ ಕಾನೂನು ಹಾಗೆ ಬರೆಯಬೇಕಾಯಿತು.

ನಿಮ್ಮ ಪ್ರಶ್ನೆಗಳಿಗೆ 1097 ಉಚಿತ ಸಹಾಯವಾಣಿ ಇದೆ. ಕರೆ ಮಾಡುವಾಗ ಹೆಸರು ಹೇಳಬೇಕಾಗಿಲ್ಲ.